ಮೇವಿದ್ದಷ್ಟು ಹಿಂಡು

ಅಪ್ಪ ಕೇಳಿದ ಒಂದು ಪ್ರಶ್ನೆ ಮೂರು ವರ್ಷದಿಂದ ನನ್ನ ತಲೆಯಲ್ಲೇ ಕೂತಿದೆ. ಕೇಳಿದ್ದು 2023ರ ಫೆಬ್ರವರಿಯಲ್ಲಿ, ವಯೋಮಿಂಗ್ ರಾಜ್ಯದ ಜಾಕ್ಸನ್ ಊರಿನ ಪಕ್ಕದ ಬಯಲಲ್ಲಿ. ಕುದುರೆ ಎಳೆಯುವ ಜಾರುಬಂಡಿಯಲ್ಲಿ ಕೂತಿದ್ದೆವು. ಎತ್ತ ನೋಡಿದರೂ ಎಲ್ಕ್. ಹತ್ತಲ್ಲ, ನೂರಲ್ಲ, ಸಾವಿರಗಟ್ಟಲೆ. ನಮ್ಮ ಕಡವೆಯನ್ನು ಇನ್ನೂ ದೊಡ್ಡದು ಮಾಡಿ, ಕುತ್ತಿಗೆಗೆ ಕಪ್ಪು ಕಂಬಳಿ ಸುತ್ತಿದರೆ ಹೇಗಿರುತ್ತೋ ಹಾಗಿರುತ್ತೆ ಎಲ್ಕ್. ಕೆಲವು ಮಲಗಿ ಮೆಲುಕು ಹಾಕುತ್ತಿದ್ದವು. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಇತ್ತು. ಮೈಯ ಶಾಖ ಹೊರಗೆ ಬಾರದಷ್ಟು ದಪ್ಪ ತುಪ್ಪಳ.

ಬಂಡಿಯಲ್ಲಿದ್ದವರೆಲ್ಲ ಕೊಂಬಿನ ಫೋಟೋ ತೆಗೆಯುತ್ತಿದ್ದರು. ಅಪ್ಪ ಮಾತ್ರ ನೆಲ ನೋಡುತ್ತಿದ್ದ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಎಪ್ಪತ್ತು ವರ್ಷ ದನಗಳ ಜೊತೆ ಬದುಕಿದ ಮನುಷ್ಯ. ತಲೆಗೆ ಮಂಗನ ಟೋಪಿ, ಮೈಗೆ ನನ್ನ ಗಂಡನ ಜಾಕೆಟ್. ಆವತ್ತು ಬೆಳಗ್ಗೆ ಮೇವು ಹಾಕಿ ಆಗಿತ್ತು. ದೂರದಲ್ಲಿ ಎಲ್ಕ್‌ಗಳು ಉದ್ದಕ್ಕೂ ಒಂದು ಸಾಲಿನಲ್ಲಿ ತಲೆ ಬಗ್ಗಿಸಿ ನಿಂತಿದ್ದವು. ಬಂಡಿ ಹೊಡೆಯುತ್ತಿದ್ದ ಹುಡುಗಿ ಜೇಬಿನಿಂದ ಒಂದು ಹಿಡಿ ಮೇವು ತೆಗೆದು ಎಲ್ಲರಿಗೂ ತೋರಿಸಿದಳು. ಬೆರಳು ದಪ್ಪದ ಹಸಿರು ಗುಳಿಗೆಗಳು. ಅಪ್ಪ ಒಂದನ್ನು ತಗೊಂಡ. ಉಗುರಲ್ಲಿ ಮುರಿದ. ಮೂಸಿದ.

"ಕುದುರೆ ಮಸಾಲೆ ಸೊಪ್ಪು ಕಣೇ. ಒಣಗಿಸಿ, ಪುಡಿ ಮಾಡಿ ಒತ್ತಿದಾರೆ. ಹಿಂಡಿ ಥರ."

ಹೌದು, ಅದೇ. ಇಲ್ಲಿ ಆಲ್ಫಾಲ್ಫಾ ಅಂತಾರೆ. ಅಪ್ಪ ಮತ್ತೆ ಆ ಸಾಲಿನ ಕಡೆ ನೋಡಿದ. "ಹೀಗೆ ಒಂದರ ಬಾಯಿಗೆ ಒಂದು ತಾಗಿಸ್ಕೊಂಡು ತಿಂದ್ರೆ ಕಂದು ಹಾಕಲ್ವಾ? ಕೇಳು ಅವಳನ್ನ."

ಕೇಳಿದೆ. ಹುಡುಗಿ ಲಗಾಮು ಹಿಡಿದುಕೊಂಡೇ ಪೂರ್ತಿ ಹಿಂದಕ್ಕೆ ತಿರುಗಿದಳು. "ನಿಮ್ಮ ತಂದೆ ದನ ಸಾಕಿದಾರಾ?" ಅಂತ ಕೇಳಿದಳು. ಆಮೇಲೆ ಹೇಳಿದಳು, ಹೌದು, ಹಾಕ್ತವೆ, ನಮಗೆ ಇರುವ ದೊಡ್ಡ ಚಿಂತೆಗಳಲ್ಲಿ ಅದೂ ಒಂದು ಅಂತ. ಅಪ್ಪ ತಲೆಯಾಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಬಂಡಿ ವಾಪಸ್ ಹೊರಟ ಮೇಲೆ ಆ ಪ್ರಶ್ನೆ ಬಂತು.

"ಇದನ್ನ ಶುರು ಮಾಡಿದೋರು ನಿಲ್ಲಿಸೋದು ಹೇಗೆ ಅಂತ ಯೋಚಿಸಿದ್ರಾ ಮಾರಾಯ್ತಿ?"

ಬಣವೆ ಕಾದವರು

ನಾವಿರುವುದು ಪಕ್ಕದ ಇಡಾಹೊ ರಾಜ್ಯದ ಇಡಾಹೊ ಫಾಲ್ಸ್‌ನಲ್ಲಿ. ಟೀಟನ್ ಘಾಟಿ ಹತ್ತಿ ಇಳಿದರೆ ಜಾಕ್ಸನ್, ಕಾರಿನಲ್ಲಿ ಎರಡು ಗಂಟೆ ದಾರಿ. ಇಷ್ಟು ವರ್ಷ ಆ ಎಲ್ಕ್‌ಗಳನ್ನು ನಾನು ಬರೀ ಚೆಂದದ ನೋಟ ಅಂತಲೇ ನೋಡಿದ್ದೆ. ಅಪ್ಪ ಕೇಳಿದ ಮೇಲೆ ಓದುವುದಕ್ಕೆ ಶುರು ಮಾಡಿದೆ.

ಬೇಸಿಗೆಯಲ್ಲಿ ಈ ಹಿಂಡು ಎತ್ತರದಲ್ಲಿ ಹರಡಿಕೊಂಡಿರುತ್ತದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ಭಾಗ, ಟೀಟನ್ ಬೆಟ್ಟಗಳು, ಗ್ರೋ ವಾಂಟ್ ನದಿಯ ಮೇಲಿನ ಕಾಡು. ಹಿಮ ಬೀಳತೊಡಗಿದರೆ ಕಣಿವೆಗೆ ಇಳಿಯುತ್ತವೆ. 1880ರ ದಶಕದಲ್ಲಿ ಅದೇ ಕಣಿವೆಗೆ ಬಿಳಿಯರು ಬಂದು ನೆಲೆ ನಿಂತರು. ಎಲ್ಕ್‌ಗಳು ಚಳಿಗಾಲ ಕಳೆಯುತ್ತಿದ್ದ ಹುಲ್ಲುಗಾವಲು ದನದ ಮೇವಿನ ಗದ್ದೆಯಾಯಿತು, ಬೇಲಿಯಾಯಿತು, ಕೊನೆಗೆ ಊರಾಯಿತು. 1909ರಿಂದ 1911ರವರೆಗಿನ ಚಳಿಗಾಲಗಳು ಭಯಂಕರವಾಗಿದ್ದವು. ಹಿಮ ಗಟ್ಟಿಯಾಗಿ ಗೊರಸಿಗೆ ಹುಲ್ಲು ಸಿಗಲಿಲ್ಲ. ಎಲ್ಕ್‌ಗಳು ಸಾವಿರಗಟ್ಟಲೆ ಸತ್ತವು. ಬದುಕಿದ್ದವು ರೈತರ ಬಣವೆಗೆ ನುಗ್ಗಿದವು. ರೈತರು ರಾತ್ರಿ ಹೊತ್ತು ಬಣವೆ ಕಾದರು. ನಮ್ಮ ಕಡೆ ಅದನ್ನು ಗೊಣಬೆ ಅಂತೀವಿ. ಭತ್ತ ತೆನೆಯಾದಾಗ ಅಪ್ಪನೂ ಗದ್ದೆಯ ಮಾಳದಲ್ಲಿ ಕೂತು ಹಂದಿ ಕಾದವನೇ. ಆ ಕಣಿವೆಯ ರೈತನ ರಾತ್ರಿ ಹೇಗಿತ್ತು ಅಂತ ಅವನಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಆದರೆ ಆ ಜನ ಬರೀ ಕಾಯಲಿಲ್ಲ. ಹಸಿದು ಸಾಯುತ್ತಿರುವ ಪ್ರಾಣಿಗೆ ತಮ್ಮ ದನದ ಹುಲ್ಲನ್ನೇ ಹಾಕಿದವರೂ ಇದ್ದರು. ಸ್ಟೀಫನ್ ಲೀಕ್ ಅನ್ನುವ ಒಬ್ಬರು, ರೈತರೂ ಹೌದು ಬೇಟೆಗೆ ದಾರಿ ತೋರಿಸುವವರೂ ಹೌದು, ಸತ್ತು ಬಿದ್ದ ಎಲ್ಕ್‌ಗಳ ಫೋಟೋ ತೆಗೆದು ದೇಶವೆಲ್ಲ ತಿರುಗಿ ತೋರಿಸಿದರು. ಸರ್ಕಾರ ಹಣ ಕೊಟ್ಟಿತು. 1912ರಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಹುಟ್ಟಿತು. ಈಗ ಅದು ಸುಮಾರು 24,700 ಎಕರೆ. ಜಾಕ್ಸನ್ ಪೇಟೆ ಮುಗಿಯುವಲ್ಲಿ ಅದರ ಬೇಲಿ ಶುರು. ಬೇಲಿಯ ಈಚೆ ಹೋಟೆಲು, ಆಚೆ ಎಲ್ಕ್.

ಆ ದಯೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕಣ್ಣೆದುರು ಮರಿ ಬಿದ್ದು ಒದ್ದಾಡುತ್ತಿದ್ದರೆ ಮನೆಯಲ್ಲಿ ಹುಲ್ಲಿಟ್ಟುಕೊಂಡು ಸುಮ್ಮನಿರುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಆದರೆ ಒಂದು ಚಳಿಗಾಲದ ದಯೆ ನೂರು ಚಳಿಗಾಲದ ಕೆಲಸವಾಯಿತು. ಹಿಮ ಕಡಿಮೆ ಬಿದ್ದ ಕೆಲವು ವರ್ಷ ಬಿಟ್ಟರೆ ಮೇವು ನಿಂತಿಲ್ಲ. ಆಶ್ರಯಧಾಮ ಕೇಂದ್ರ ಸರ್ಕಾರದ್ದು. ಅದಲ್ಲದೆ ವಯೋಮಿಂಗ್ ರಾಜ್ಯವೇ ನಡೆಸುವ ಮೇವು ತಾಣಗಳು ಪಶ್ಚಿಮದ ಕಣಿವೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ. ಜಾಕ್ಸನ್ ಹಿಂಡು 11,000ದಷ್ಟಿರಬೇಕು ಅನ್ನುವುದು ರಾಜ್ಯದ ಲೆಕ್ಕ. ಆಶ್ರಯಧಾಮದಲ್ಲಿ ಚಳಿಗಾಲ ಕಳೆಯುವವು 5,000ಕ್ಕೆ ಇಳಿಯಬೇಕು ಅಂತ 2007ರ ಯೋಜನೆ ಹೇಳಿತು. ಎಷ್ಟೋ ಚಳಿಗಾಲಗಳಲ್ಲಿ ಅಲ್ಲಿಗೆ ಬಂದಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಮೇವು ಎಲ್ಲಿದೆ ಅಂತ ತಾಯಿಗೆ ಗೊತ್ತು. ತಾಯಿಯ ಹಿಂದೆ ಮರಿ ನಡೆಯುತ್ತದೆ.

ಕಂದು

ಅಪ್ಪ ಬಂಡಿಯಲ್ಲಿ ಕೇಳಿದ್ದು ಬ್ರುಸೆಲ್ಲೋಸಿಸ್ ಬಗ್ಗೆ. ಆ ಹೆಸರು ಅವನಿಗೆ ಗೊತ್ತಿಲ್ಲ. ಗಬ್ಬದ ದನ ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಬಿದ್ದದ್ದನ್ನು ಬೇರೆ ದನ ಮೂಸಿದರೆ, ನೆಕ್ಕಿದರೆ ಅದಕ್ಕೂ ಅಂಟುತ್ತದೆ ಅನ್ನುವುದು ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಹಾಗಾಗಿತ್ತು. ಅಪ್ಪ ಆ ಜಾಗದ ಮಣ್ಣನ್ನು ಕೆರೆದು ತೆಗೆದು, ಸುಣ್ಣ ಹಾಕಿ, ಆ ದನವನ್ನು ತಿಂಗಳುಗಟ್ಟಲೆ ಬೇರೆ ಕಟ್ಟಿದ್ದು ನೆನಪಿದೆ.

ಈ ರೋಗ ಎಲ್ಕ್‌ಗೆ ಬಂದಿದ್ದು ಮೂಲದಲ್ಲಿ ದನಗಳಿಂದಲೇ. ಈಗ ದನಗಳಲ್ಲಿ ಅದನ್ನು ಹತ್ತಿಕ್ಕಿದ್ದಾರೆ, ಎಲ್ಕ್‌ನಲ್ಲಿ ಉಳಿದುಕೊಂಡಿದೆ. ಎಲ್ಕ್‌ಗಳು ಚಳಿಗಾಲದ ಕೊನೆಯಲ್ಲಿ ಕಂದು ಹಾಕುತ್ತವೆ. ಅದೇ ಹೊತ್ತಿಗೆ ಮೇವಿನ ಸಾಲಿನಲ್ಲಿ ಒತ್ತಾಗಿ ನಿಂತಿರುತ್ತವೆ. ಕಾಡಿನಲ್ಲಾದರೆ ಬಸಿರಿ ಎಲ್ಕ್ ಮರಿ ಹಾಕುವ ಹೊತ್ತಿಗೆ ಹಿಂಡು ಬಿಟ್ಟು ಒಂಟಿಯಾಗಿ ಹೋಗುತ್ತದೆ. ಇಲ್ಲಿ ಒಂದು ಹಾಕಿದ್ದನ್ನು ನೂರು ಮೂಸುತ್ತವೆ. ಮೇವು ತಾಣಗಳ ಎಲ್ಕ್‌ಗಳಲ್ಲಿ ಈ ರೋಗ ಜಾಸ್ತಿ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಮೇವು ನಿಲ್ಲಿಸಿಬಿಡಬಹುದಲ್ವಾ? ಅಲ್ಲೇ ಕಗ್ಗಂಟು. ನಿಲ್ಲಿಸಿದರೆ ಹಸಿದ ಎಲ್ಕ್ ಮತ್ತೆ ರೈತರ ಬಣವೆಗೆ ಹೋಗುತ್ತದೆ, ದನದ ಜೊತೆ ಬೆರೆಯುತ್ತದೆ. ದನಕ್ಕೆ ಕಂದು ಬಂದರೆ ಆ ರೈತನ ಇಡೀ ಮಂದೆಗೆ ಕುತ್ತು. 2004ರಲ್ಲಿ ಹೀಗೆ ದನಗಳಲ್ಲಿ ರೋಗ ಕಾಣಿಸಿ ವಯೋಮಿಂಗ್ ತನ್ನ ರೋಗಮುಕ್ತ ಪಟ್ಟ ಕಳೆದುಕೊಂಡಿತು. ಅದು ವಾಪಸ್ ಸಿಕ್ಕಿದ್ದು 2006ರಲ್ಲಿ. ಅಲ್ಲಿಯವರೆಗೆ ದನ ಮಾರುವುದೇ ಕಷ್ಟ. ದನ ಮತ್ತು ಎಲ್ಕ್ ಬೇರೆ ಬೇರೆ ಇರಲಿ ಅಂತ ಹಾಕುವ ಮೇವೇ ಎಲ್ಕ್‌ನಲ್ಲಿ ರೋಗವನ್ನು ಸಾಕುತ್ತಿದೆ.

ಅದರ ಮೇಲೆ ಈಗ ಇನ್ನೊಂದು ಬಂದಿದೆ. ಇಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತಾರೆ, ನಾವು ಸವಕಳಿ ರೋಗ ಅನ್ನೋಣ. ಜಿಂಕೆ ಜಾತಿಯ ಪ್ರಾಣಿಗಳ ಮೆದುಳು ತೂತು ತೂತಾಗಿ, ಮೈ ಸವೆದು ಸಾಯುವ ರೋಗ. ಮೊದಲು ಗುರುತಿಸಿದ್ದು 1967ರಲ್ಲಿ, ಕೊಲೊರಾಡೊದಲ್ಲಿ. ಇದಕ್ಕೆ ಮದ್ದಿಲ್ಲ, ಲಸಿಕೆ ಇಲ್ಲ. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ. ಆಕಾರ ಕೆಟ್ಟ ಒಂದು ಪ್ರೋಟೀನು. ಜೊಲ್ಲು, ಗಂಜಲ, ಸೆಗಣಿಯ ಜೊತೆ ನೆಲಕ್ಕೆ ಬೀಳುತ್ತದೆ, ಬಿದ್ದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸುಣ್ಣಕ್ಕೆ ಬಗ್ಗುವಂಥದ್ದಲ್ಲ. ಜಾಕ್ಸನ್ ಹಿಂಡಿನಲ್ಲಿ ಮೊದಲ ಸಲ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ, ಬೇಟೆಗಾರರೊಬ್ಬರು ಹೊಡೆದ ಒಂದು ಹೆಣ್ಣು ಎಲ್ಕ್‌ನಲ್ಲಿ. 2025ರ ಚಳಿಗಾಲದಲ್ಲಿ ರಾಜ್ಯದ ಮೇವು ತಾಣಗಳಲ್ಲೇ ಈ ರೋಗದಿಂದ ಸತ್ತ ಎಲ್ಕ್‌ಗಳು ಸಿಕ್ಕವು. ಎಲ್ಲರೂ ವರ್ಷಗಳಿಂದ ಹೆದರಿದ್ದು ಇದಕ್ಕೇ. ಪ್ರತಿ ವರ್ಷ ಅದೇ ನೆಲ, ಅದೇ ಸಾಲು, ಅದೇ ಜೊಲ್ಲು.

ಬೋರ್ಡಿನ ಆಚೆ ಹೋದ ಹೆಜ್ಜೆ

ಬಂಡಿಯಲ್ಲಿ ಕೂತಿದ್ದಕ್ಕೆ ನಾಲ್ಕು ತಿಂಗಳ ಮೊದಲಿನ ಮಾತು. ಅಪ್ಪ ಬಂದು ಒಂದು ತಿಂಗಳಾಗಿತ್ತು. ಪಕ್ಕದ ಮನೆಯ ಹಿರಿಯರು ಅಪ್ಪನಿಗೆ ಬಹಳ ಬೇಗ ಹತ್ತಿರವಾದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬೆಳಗಾದರೆ ಬೇಲಿಯ ಹತ್ತಿರ ನಿಂತು ಇಬ್ಬರೂ ಮರದ ಹಿಡಿಕೆ, ಹಗ್ಗ, ಕತ್ತಿಗಳನ್ನು ತೋರಿಸಿಕೊಳ್ಳುತ್ತಿದ್ದರು. ಅಪ್ಪ ಅವರನ್ನು ಯಜಮಾನ್ರು ಅನ್ನುತ್ತಿದ್ದ. ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಯಜಮಾನ್ರೇ.

ಆ ವರ್ಷ ಯಜಮಾನ್ರಿಗೆ ಲಾಟರಿಯಲ್ಲಿ ವಯೋಮಿಂಗ್‌ನ ಎಲ್ಕ್ ಲೈಸೆನ್ಸ್ ಸಿಕ್ಕಿತ್ತು. ಹೊರರಾಜ್ಯದವರು ಅಂತ ಸುಮಾರು 700 ಡಾಲರ್ ಕಟ್ಟಿದ್ದರು. ಅಪ್ಪನಿಗೆ ಆ ಎತ್ತರದಲ್ಲಿ ಉಸಿರು ಹಿಡಿಯುತ್ತದೆ. "ನೀನು ಹೋಗಿ ನೋಡ್ಕೊಂಡು ಬಾ, ಬಂದು ಹೇಳು" ಅಂದ. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ನಾನು ಅವರ ಜೊತೆ ಹೋದೆ. ನಮ್ಮಜ್ಜನ ಕಾಲದಲ್ಲಿ ಮನೆಯಲ್ಲಿ ಕೋವಿ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ನಮ್ಮಲ್ಲಿ ಕಥೆಯಾಗಿ ಉಳಿಯಿತು. ಕಾನೂನೇ ಚೀಟಿ ಕೊಟ್ಟು, ದಿನ ಹೇಳಿ, ಹೋಗಿ ಹೊಡೆದು ಬಾ ಅನ್ನುವುದನ್ನು ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದೆ.

ಕತ್ತಲಲ್ಲೇ ಗ್ರೋ ವಾಂಟ್ ನದಿಯ ಮೇಲಿನ ರಾಷ್ಟ್ರೀಯ ಅರಣ್ಯಕ್ಕೆ ಹೋದೆವು. ಅವರಿಗೂ ನನಗೂ ಕಿತ್ತಳೆ ಟೋಪಿ. ಸೊಂಟದಲ್ಲಿ ಕರಡಿ ಬಂದರೆ ಹೊಡೆಯಲು ಖಾರದ ಸ್ಪ್ರೇ. ನಾಲ್ಕು ಬೆರಳು ಹಿಮ ಬಿದ್ದಿತ್ತು. ಒಂದು ಗಂಟೆ ಹತ್ತಿದ ಮೇಲೆ ಹೆಜ್ಜೆ ಸಿಕ್ಕಿತು. ಯಜಮಾನ್ರು ಮಂಡಿಯೂರಿ ಕೈಗವಸು ತೆಗೆದು ಗೊರಸಿನ ಗುರುತಿನ ಅಂಚನ್ನು ಬೆರಳಲ್ಲಿ ಒತ್ತಿದರು. ಅಂಚು ಪುಡಿಯಾಯಿತು. "ಇನ್ನೂ ಗಟ್ಟಿಯಾಗಿಲ್ಲ. ಈಗಷ್ಟೇ ಹೋಗಿವೆ" ಅಂದರು. ಆರೇಳು ಎಲ್ಕ್. ಪಕ್ಕದಲ್ಲೇ ಬಿದ್ದ ಹಿಕ್ಕೆ ಇನ್ನೂ ಹೊಳೆಯುತ್ತಿತ್ತು.

ಹೆಜ್ಜೆ ಹಿಡಿದು ನಡೆದೆವು. ಒಂದು ಪೈನ್ ಮರಕ್ಕೆ ಕಂದು ಬಣ್ಣದ ಮರದ ಬೋರ್ಡು ಹೊಡೆದಿತ್ತು. ಗ್ರೋ ವಾಂಟ್ ವಿಲ್ಡರ್‌ನೆಸ್ ಅಂತ ಕೆತ್ತಿದ್ದರು. ವಿಲ್ಡರ್‌ನೆಸ್ ಅಂದರೆ ರಸ್ತೆ, ಕಟ್ಟಡ ಬೇಡ ಅಂತ ಕಾನೂನೇ ಹಾಗೇ ಬಿಟ್ಟ ಕಾಡು. ಹೆಜ್ಜೆಗಳು ಬೋರ್ಡಿನ ಬುಡದಲ್ಲೇ ಹಾದು ಆಚೆ ಇಳಿಜಾರಿಗೆ ಇಳಿದಿದ್ದವು. ಯಜಮಾನ್ರು ಅಲ್ಲೇ ನಿಂತರು. ಕೋವಿಯ ಪಟ್ಟಿ ಹೆಗಲಿಂದ ಹೆಗಲಿಗೆ ಬದಲಿಸಿದರು.

"ನಾನು ಇಲ್ಲಿಂದ ಮುಂದೆ ಹೋಗೋ ಹಾಗಿಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ. ಆಚೆಯೂ ಅದೇ ಕಾಡು, ಅದೇ ಕೇಂದ್ರ ಸರ್ಕಾರದ ಜಮೀನು. ಅಮೆರಿಕದ ಪ್ರತಿಯೊಬ್ಬರಿಗೂ ಸೇರಿದ್ದು. ಅವರು ಬೋರ್ಡಿಗೆ ಒರಗಿ ನಿಂತು ಹೇಳಿದರು. ವಯೋಮಿಂಗ್‌ನ ಕಾನೂನಿನ ಪ್ರಕಾರ ಹೊರರಾಜ್ಯದವರು ವಿಲ್ಡರ್‌ನೆಸ್ ಕಾಡಿನಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿಯ ಬೇಟೆ ಆಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಜೊತೆಗಿರಬೇಕು, ಇಲ್ಲವೇ ಆ ರಾಜ್ಯದ ನಿವಾಸಿಯೊಬ್ಬರು ಇರಬೇಕು. ಅದೇ ಕಾಡಿನಲ್ಲಿ ಒಬ್ಬರೇ ನಡೆಯಬಹುದು, ಟೆಂಟ್ ಹಾಕಿ ಮಲಗಬಹುದು, ಮೀನು ಹಿಡಿಯಬಹುದು. ಎಲ್ಕ್ ಬೇಟೆ ಮಾತ್ರ ಆಗದು. ಗೈಡ್‌ಗೆ ಕೊಡಬೇಕಾದದ್ದು ಸಾವಿರಾರು ಡಾಲರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಲವತ್ತು ವರ್ಷದಿಂದ ಗೊತ್ತಿರುವ ವಿಷಯ. ನಾವಿಬ್ಬರೂ ಹೆಜ್ಜೆಗಳು ಇಳಿದು ಹೋದ ಕಡೆಗೆ ಸ್ವಲ್ಪ ಹೊತ್ತು ನೋಡಿದೆವು. ಕೆಳಗೆಲ್ಲೋ ಒಂದು ಕೊಂಬೆ ಮುರಿದ ಸದ್ದು ಕೇಳಿತು. ಆಮೇಲೆ ತಿರುಗಿ ಬಂದೆವು.

ಯಾರ ದಾರಿ

ಎಲ್ಕ್ ಎಷ್ಟಿರಬೇಕು ಅನ್ನುವುದು ಒಂದು ಪ್ರಶ್ನೆ, ಅದನ್ನು ಬೇಟೆಯಾಡಲು ಯಾರಿಗೆ ದಾರಿ ಸಿಗಬೇಕು ಅನ್ನುವುದು ಇನ್ನೊಂದು ಅಂತ ನಾನು ಅಂದುಕೊಂಡಿದ್ದೆ. ಆ ಬೋರ್ಡಿನ ಮುಂದೆ ನಿಂತ ಮೇಲೆ ಅವೆರಡೂ ಒಂದೇ ಅನ್ನಿಸತೊಡಗಿತು.

ಈ ಕಣಿವೆಯಲ್ಲಿ ದಾರಿ ಮೊದಲು ಮುಚ್ಚಿದ್ದು ಇಲ್ಲಿ ಮೊದಲಿನಿಂದ ಬೇಟೆಯಾಡುತ್ತಿದ್ದವರಿಗೆ. ನಮ್ಮ ಊರಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಹೋದರೆ ಫೋರ್ಟ್ ಹಾಲ್. ಶೋಶೋನಿ ಮತ್ತು ಬ್ಯಾನಕ್ ಅನ್ನುವ ಮೂಲನಿವಾಸಿ ಜನರ ಊರು. 1868ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಅವರಿಗೆ ಮಾತು ಕೊಟ್ಟಿತ್ತು. ಯಾರೂ ನೆಲೆಸದ ಸರ್ಕಾರಿ ಭೂಮಿಯಲ್ಲಿ, ಪ್ರಾಣಿಗಳು ಇರುವವರೆಗೆ, ನೀವು ಬೇಟೆಯಾಡಬಹುದು ಅಂತ. 1895ರಲ್ಲಿ ಜಾಕ್ಸನ್ ಕಣಿವೆಯ ಹೊಸಬರು, ಶ್ರೀಮಂತರನ್ನು ಬೇಟೆಗೆ ಕರೆದೊಯ್ದು ಹಣ ಮಾಡುತ್ತಿದ್ದವರೂ ಅದರಲ್ಲಿದ್ದರು, ರಾಜ್ಯದ ಬೇಟೆ ಕಾನೂನು ತೋರಿಸಿ ಬ್ಯಾನಕ್ ಕುಟುಂಬಗಳನ್ನು ಹಿಡಿದರು. ತಪ್ಪಿಸಿಕೊಂಡು ಓಡಿದವರ ಮೇಲೆ ಗುಂಡು ಹಾರಿಸಿದರು. ಒಬ್ಬ ವೃದ್ಧ ಸತ್ತ. ರೇಸ್ ಹಾರ್ಸ್ ಅನ್ನುವ ಬ್ಯಾನಕ್ ಬೇಟೆಗಾರನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ವಯೋಮಿಂಗ್ ರಾಜ್ಯವಾದ ಕೂಡಲೇ ಆ ಹಕ್ಕು ಮುಗಿಯಿತು ಅಂತ 1896ರಲ್ಲಿ ತೀರ್ಪು ಬಂತು. ಆ ವಾದ ತಪ್ಪು ಅಂತ ಅದೇ ಕೋರ್ಟು ಹೇಳಿದ್ದು 2019ರಲ್ಲಿ, ಕ್ರೋ ಬುಡಕಟ್ಟಿನ ಒಬ್ಬರ ಕೇಸಿನಲ್ಲಿ. ನೂರಿಪ್ಪತ್ತಮೂರು ವರ್ಷ. ಸಂತೆಯ ದಿನ ಫೋರ್ಟ್ ಹಾಲ್ ದಾಟಿ ಹೋಗುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ದಾರಿ ಮುಚ್ಚುವುದಕ್ಕೆ ಬೇರೆ ಬೇರೆ ರೂಪಗಳಿವೆ. ರೈಲು ಹಾಕುವಾಗ, 1862ರಿಂದ ಮುಂದೆ, ಸರ್ಕಾರ ಹಳಿಯ ಎರಡೂ ಕಡೆ ಮೈಲು ಮೈಲಿನ ಚೌಕಗಳಲ್ಲಿ ಒಂದು ಬಿಟ್ಟು ಒಂದನ್ನು ರೈಲು ಕಂಪನಿಗೆ ಕೊಟ್ಟಿತು. ದಕ್ಷಿಣ ವಯೋಮಿಂಗ್‌ನ ನಕ್ಷೆ ಇವತ್ತಿಗೂ ಚದುರಂಗದ ಮಣೆ ಇದ್ದ ಹಾಗಿದೆ. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸಾರ್ವಜನಿಕ. ಒಂದು ಬಿಳಿ ಮನೆಯಿಂದ ಇನ್ನೊಂದಕ್ಕೆ ಹೋಗಲು ಇರುವುದು ಮೂಲೆ ಮಾತ್ರ. ಆ ಮೂಲೆ ದಾಟುವಾಗ ನಿಮ್ಮ ಹೆಗಲು ಖಾಸಗಿ ಜಮೀನಿನ ಮೇಲಿನ ಗಾಳಿಯನ್ನು ತಾಗುತ್ತದೆ. 2021ರಲ್ಲಿ ಮಿಸೂರಿಯಿಂದ ಬಂದ ನಾಲ್ವರು ಬೇಟೆಗಾರರು ಎಲ್ಕ್ ಮೌಂಟನ್ ಅನ್ನುವಲ್ಲಿ ಮೂಲೆಯ ಮೇಲೆ ಏಣಿ ಇಟ್ಟು, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ದಾಟಿದರು. ಅತಿಕ್ರಮಣ ಅಂತ ಅವರ ಮೇಲೆ ಕೇಸಾಯಿತು. 2022ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಜಮೀನಿನವರು ಹೂಡಿದ ಸಿವಿಲ್ ಕೇಸಿನಲ್ಲೂ 2025ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಬೇಟೆಗಾರರ ಪರ ನಿಂತಿತು. ಸಾರ್ವಜನಿಕ ಭೂಮಿಯನ್ನು ಬೇಲಿ ಹಾಕಿ ಮುಚ್ಚಬಾರದು ಅನ್ನುವ 1885ರ ಹಳೆಯ ಕಾನೂನು ಇಲ್ಲಿ ಕೆಲಸಕ್ಕೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ಎತ್ತಿಕೊಳ್ಳಲಿಲ್ಲ. ಹೀಗೆ ಮೂಲೆಗಳ ಹಿಂದೆ ಸಿಕ್ಕಿಕೊಂಡ ಸಾರ್ವಜನಿಕ ಭೂಮಿ ಪಶ್ಚಿಮದ ರಾಜ್ಯಗಳಲ್ಲಿ ಸುಮಾರು 83 ಲಕ್ಷ ಎಕರೆ ಅಂತ ಒಂದು ಅಂದಾಜಿದೆ.

ಇದಕ್ಕೂ ಹಿಂಡಿನ ಲೆಕ್ಕಕ್ಕೂ ಏನು ಸಂಬಂಧ? ಜಾಕ್ಸನ್ ಹಿಂಡನ್ನೇ ನೋಡಿ. ಎಲ್ಕ್‌ಗಳಿಗೆ ಕೊರಳಪಟ್ಟಿ ಕಟ್ಟಿ ಹಿಂಬಾಲಿಸಿದವರು ಒಂದು ವಿಷಯ ಕಂಡುಕೊಂಡರು. ಯೆಲ್ಲೋಸ್ಟೋನ್‌ನಿಂದ ಬಹಳ ದೂರ ನಡೆದು ಬರುವ ಎಲ್ಕ್‌ಗಳ ಪಾಲು ಕಡಿಮೆಯಾಗುತ್ತಿದೆ. ಬೇಸಿಗೆಯಲ್ಲೂ ಕಣಿವೆಯ ಖಾಸಗಿ ಜಮೀನು, ಮನೆಗಳ ಹತ್ತಿರವೇ ಉಳಿಯುವ ಎಲ್ಕ್‌ಗಳ ಪಾಲು ಏರುತ್ತಿದೆ. ದೂರದವಕ್ಕೆ ದಾರಿಯಲ್ಲಿ ತೋಳ, ಕರಡಿ, ಬೇಟೆಗಾರ ಎಲ್ಲ ಇದ್ದಾರೆ. ಹತ್ತಿರದವು ಇರುವುದು ಬೇಟೆಗಾರನಿಗೆ ಗೇಟು ತೆರೆಯದ ಜಾಗದಲ್ಲಿ. ಪ್ರಾಣಿ ಬಹಳ ಬೇಗ ಕಲಿಯುತ್ತದೆ. ಎಲ್ಲಿ ಗುಂಡಿನ ಸದ್ದಿಲ್ಲ, ಎಲ್ಲಿ ಚಳಿಗಾಲದಲ್ಲಿ ಮೇವು ಸಿಗುತ್ತದೆ, ಅಲ್ಲಿಗೆ ಬರುತ್ತದೆ. ಹಿಂಡನ್ನು ಕಡಿಮೆ ಮಾಡಬೇಕು ಅಂತ ಲೈಸೆನ್ಸ್ ಜಾಸ್ತಿ ಕೊಟ್ಟರೂ ಆ ಲೈಸೆನ್ಸ್ ಹಿಡಿದವನು ಎಲ್ಕ್ ಇರುವ ಜಾಗ ತಲುಪುವುದಿಲ್ಲ. ಅವನಿಗೆ ಸಿಗುವುದು ದೂರದಿಂದ ನಡೆದು ಬರುವ ಎಲ್ಕ್, ಅಂದರೆ ಯಾವುದು ಉಳಿಯಬೇಕೋ ಅದು.

ಪಕ್ಕದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ ಒಳಗೂ ಎಲ್ಕ್ ಹೊಡೆಯುತ್ತಾರೆ ಅಂದಾಗ ಅಪ್ಪ ನಂಬಲೇ ಇಲ್ಲ. 1950ರ ಕಾನೂನಿನಲ್ಲೇ ಅದಕ್ಕೆ ಜಾಗ ಇದೆ. ಆ ಬೇಟೆಗಾರರನ್ನು ತಾತ್ಕಾಲಿಕವಾಗಿ ಉದ್ಯಾನದ ರೇಂಜರ್‌ಗಳು ಅಂತ ನೇಮಿಸುತ್ತಾರೆ. ಹಿಂಡು ಇಷ್ಟು ದೊಡ್ಡದಾದ ಮೇಲೆ ಉದ್ಯಾನವೂ ಆ ಭಾರ ಹೊರಬೇಕಾಯಿತು.

ಎರಡು ವಾರ

ಯಜಮಾನ್ರಿಗೆ ಮುಂದಿನ ವಾರ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ನಾನು ಆವತ್ತು ಹೋಗಿರಲಿಲ್ಲ. ಸಂಜೆ ಅವರ ಗ್ಯಾರೇಜಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ನಾಲ್ಕು ಕಾಲು ತೊಡೆ ಸಮೇತ ಬಿಳಿ ಬಟ್ಟೆಯ ಚೀಲದಲ್ಲಿ ತೂಗುತ್ತಿದ್ದವು. ಕಾಂಕ್ರೀಟ್ ನೆಲದ ಮೇಲೆ ಒಂದು ಹನಿ ರಕ್ತ ಇರಲಿಲ್ಲ. ತಲೆಯಿಂದ, ಗಂಟಲ ಹಿಂದಿನ ಎರಡು ಗಂಟುಗಳನ್ನು ತೆಗೆದು ಸವಕಳಿ ರೋಗದ ಪರೀಕ್ಷೆಗೆ ಕೊಟ್ಟು ಬಂದಿದ್ದರು. ಈ ರೋಗ ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಆದರೂ ರೋಗವಿದ್ದ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಎರಡು ವಾರ ಮಾಂಸ ಫ್ರೀಜರ್‌ನಲ್ಲಿತ್ತು. ಬೆಳಗ್ಗೆ ಬೇಲಿಯ ಹತ್ತಿರ ಅಪ್ಪ ಹುಬ್ಬೆತ್ತಿ ಕೇಳುವುದು, ಯಜಮಾನ್ರು ಇಲ್ಲ ಅಂತ ತಲೆಯಾಡಿಸುವುದು. ಹನ್ನೆರಡನೆಯ ದಿನ ಯಜಮಾನ್ರು ಹೆಬ್ಬೆರಳು ಎತ್ತಿ ತೋರಿಸಿದರು.

ಆ ಭಾನುವಾರ ನಮ್ಮಲ್ಲಿ ಅಕ್ಕಿ ಕಡುಬು, ಎಲ್ಕ್ ಸಾರು. ಯಜಮಾನ್ರು ಬರುವಾಗ ನನ್ನ ಮಗಳಿಗೆ ಒಂದು ಪುಟ್ಟ ಡಬ್ಬಿ ತಂದಿದ್ದರು. ಒಳಗೆ ಆ ಎಲ್ಕ್‌ನ ಒಂದು ಕೋರೆಹಲ್ಲು. ಎಲ್ಕ್‌ಗೆ ಮೇಲ್ದವಡೆಯಲ್ಲಿ ಇಂಥವು ಎರಡು ಇರುತ್ತವೆ. ಹುಣಸೆ ಬೀಜದಷ್ಟು, ಬುಡದಲ್ಲಿ ಕೆನೆ ಬಣ್ಣ, ತುದಿಯಲ್ಲಿ ಜೇನಿನ ಕಂದು. ದಂತದಷ್ಟೇ ನುಣುಪು. ನೂರು ವರ್ಷದ ಹಿಂದೆ ಬರೀ ಈ ಎರಡು ಹಲ್ಲಿಗಾಗಿ ಎಲ್ಕ್ ಕೊಂದು, ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗುವವರಿದ್ದರು. ಗಡಿಯಾರದ ಸರಪಳಿಗೆ ಕಟ್ಟಿಕೊಳ್ಳುವ ಫ್ಯಾಷನ್ ಇತ್ತು. ಅಂಥವರನ್ನು ಕಣಿವೆಯಿಂದ ಓಡಿಸಿದ್ದು ಜಾಕ್ಸನ್‌ನ ಜನರೇ. ಮೇವು ಹಾಕಿದವರೂ ಅವರೇ. ಬ್ಯಾನಕ್ ಜನರನ್ನು ತಡೆದವರೂ ಅದೇ ಕಣಿವೆಯವರು. ಈ ಮೂರನ್ನೂ ಒಟ್ಟಿಗೆ ಮನಸ್ಸಲ್ಲಿ ಇಟ್ಟುಕೊಳ್ಳುವುದು ನನಗೆ ಇವತ್ತಿಗೂ ಕಷ್ಟ.

ಯಜಮಾನ್ರು ಕಟ್ಟಿದ 700 ಡಾಲರ್ ಎಲ್ಲಿಗೆ ಹೋಗುತ್ತದೆ ಅಂತ ಅಪ್ಪ ಊಟದ ಮಧ್ಯೆ ಕೇಳಿದ್ದ. ರಾಜ್ಯದ ವನ್ಯಜೀವಿ ಇಲಾಖೆಗೆ. ಇಲ್ಲಿ ಆ ಇಲಾಖೆ ನಡೆಯುವುದು ಬಹುಪಾಲು ಲೈಸೆನ್ಸ್ ಹಣದಿಂದ. ಕೋವಿ, ಗುಂಡಿನ ಮೇಲಿನ ತೆರಿಗೆಯ ಪಾಲೂ 1937ರ ಕಾನೂನಿನ ಪ್ರಕಾರ ಬರುತ್ತದೆ. ರಾಜ್ಯದ ಮೇವು ತಾಣಗಳ ಹುಲ್ಲಿನ ಖರ್ಚೂ ಮುಖ್ಯವಾಗಿ ಅದರಿಂದಲೇ. ಅಂದರೆ ಹೊಡೆಯಲು ಎಲ್ಕ್ ಬೇಕು, ಎಲ್ಕ್ ಬೇಕಾದರೆ ಮೇವು ಬೇಕು, ಮೇವಿಗೆ ಲೈಸೆನ್ಸ್ ಬೇಕು. ಹಿಂಡು ಚಿಕ್ಕದಾದರೆ ಲೈಸೆನ್ಸ್ ಕಡಿಮೆ, ಹಣ ಕಡಿಮೆ, ಹೋಟೆಲಿಗೆ ಬರುವವರೂ ಕಡಿಮೆ. ಹಿಂಡು ಚಿಕ್ಕದಾಗಲಿ ಅಂತ ಗಟ್ಟಿಯಾಗಿ ಹೇಳುವವರು ಆ ಕಣಿವೆಯಲ್ಲಿ ಯಾಕೆ ಕಡಿಮೆ ಅಂತ ಆಗ ಅರ್ಥವಾಯಿತು.

ಗೌರಿಯನ್ನು ಕೊಟ್ಟ ವರ್ಷ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಮಳೆ ಕೈ ಕೊಟ್ಟಿತು. ಗದ್ದೆ ಅರ್ಧ ಒಣಗಿ ಹುಲ್ಲು ಬರಲಿಲ್ಲ. ಕೊಟ್ಟಿಗೆಯಲ್ಲಿ ಹನ್ನೊಂದು ದನ. ಗೊಣಬೆ ನೋಡಿದರೆ ಆರಕ್ಕೆ ಸಾಲುವಷ್ಟು. ಸಾಲ ಮಾಡಿ ಹುಲ್ಲು ತರೋಣ ಅಂದಳು ಅಮ್ಮ. ಅಪ್ಪ ಒಪ್ಪಲಿಲ್ಲ. "ಈ ವರ್ಷ ತಂದ್ರೆ ಮುಂದಿನ ವರ್ಷಾನೂ ತರ್ಬೇಕು. ಅವು ಕರು ಹಾಕ್ತವೆ. ಮೇವಿದ್ದಷ್ಟು ದನ" ಅಂದ. ದೀಪಾವಳಿ ಮುಗಿದ ಮೇಲೆ, ದನಗಳು ಇನ್ನೂ ಮೈತುಂಬಿಕೊಂಡಿರುವಾಗಲೇ, ಹುಲ್ಲು ನೀರು ಇರುವ ಮನೆಗಳನ್ನು ಹುಡುಕಿ ಐದನ್ನು ಕೊಟ್ಟ. ಅದರಲ್ಲಿ ಗೌರಿಯೂ ಇದ್ದಳು, ನಾನು ಸಾಕಿದ ಕಡಸು. ಹಗ್ಗ ಕೊಟ್ಟು ವಾಪಸ್ ಬಂದವನು ಆವತ್ತು ರಾತ್ರಿ ಊಟ ಮಾಡಲಿಲ್ಲ.

ನನ್ನ ಅಭಿಪ್ರಾಯ ಈಗ ಅಲ್ಲಿಗೇ ಬಂದು ನಿಂತಿದೆ. ಮೇವನ್ನು ಒಮ್ಮೆಲೇ ನಿಲ್ಲಿಸುವುದು ಕ್ರೂರ. ಆ ಚಳಿಗಾಲವೇ ಸಾವಿರಾರು ಸಾಯುತ್ತವೆ, ಉಳಿದವು ದನದ ಕೊಟ್ಟಿಗೆಗೆ ಹೋಗುತ್ತವೆ. ಆದರೆ ಹೀಗೇ ಮುಂದುವರಿಸುವುದೂ ದಯೆ ಅಲ್ಲ. ಪ್ರತಿ ವರ್ಷ ಸ್ವಲ್ಪ ತಡವಾಗಿ ಶುರು ಮಾಡಿ, ಸ್ವಲ್ಪ ಬೇಗ ಮುಗಿಸಿ, ಒಂದೇ ಸಾಲಿನಲ್ಲಿ ನಿಲ್ಲಿಸದೆ ಹರಡಿ ಹಾಕಿ, ಎಲ್ಕ್‌ಗಳಿಗೆ ಮತ್ತೆ ಹುಲ್ಲು ಹುಡುಕಿಕೊಂಡು ನಡೆಯಲು ಬಿಡಬೇಕು. ನಡೆಯಲು ಜಾಗ ಬೇಕು. ಕಣಿವೆಯ ಕೆಳಗೆ ಬೇಲಿ ಬಿಚ್ಚುವ ರೈತನಿಗೆ, ಬಣವೆ ಕಳೆದುಕೊಳ್ಳುವ ರೈತನಿಗೆ ಸರಿಯಾದ ಪರಿಹಾರ ಸಿಗಬೇಕು. ಇಷ್ಟೆಲ್ಲ ಆಗಬೇಕಾದರೆ ಮೊದಲು ಹಿಂಡು ಚಿಕ್ಕದಾಗಬೇಕು, ಅವು ಮೈತುಂಬಿಕೊಂಡಿರುವ ಶರತ್ಕಾಲದಲ್ಲೇ. ಅದಕ್ಕೆ ಗೇಟುಗಳು ತೆರೆಯಬೇಕು. ಎಲ್ಕ್ ಅಡಗಿ ಕೂರುವ ಖಾಸಗಿ ಹುಲ್ಲುಗಾವಲಿನ ಗೇಟು, ಮೂಲೆಯ ಗೇಟು, ಫೋರ್ಟ್ ಹಾಲ್‌ನವರಿಗೆ ಮುಚ್ಚಿದ ಗೇಟು. ಎಲ್ಕ್ ಬೇಟೆ ಬರೀ ಗೈಡ್‌ಗೆ ಹಣ ಕೊಡಬಲ್ಲವರ ಪಾಲಾದರೆ ಆಗುವುದು ಕೊಂಬಿನ ಬೇಟೆ. ಹಿಂಡಿನ ಲೆಕ್ಕ ಬದಲಾಗುವುದು ಹೆಣ್ಣು ಎಲ್ಕ್ ಹೊಡೆದು ಫ್ರೀಜರ್ ತುಂಬಿಸಿಕೊಳ್ಳುವ ಯಜಮಾನ್ರಂಥವರಿಂದ.

ಇದನ್ನು ಹೇಳುವುದು ಸುಲಭ ಅಂತ ಗೊತ್ತು. ಗೌರಿಗೆ ಇನ್ನೊಂದು ಮನೆ ಸಿಕ್ಕಿತು. ಎಲ್ಕ್‌ಗೆ ಹಾಗೆ ಹುಡುಕಿ ಕೊಡಲು ಮನೆ ಇಲ್ಲ. ಇದ್ದ ಮನೆಯ ಮೇಲೆ ಊರು ಕೂತಿದೆ.

ಕಳೆದ ವಾರ ಅಪ್ಪ ಫೋನ್ ಮಾಡಿದ್ದ. ಈಗ ಅವನ ಕೊಟ್ಟಿಗೆಯಲ್ಲಿ ಎರಡೇ ದನ. ಅಡಿಕೆ ಕೊಯ್ಲು, ಕೊನೆ ಇಳಿಸುವವರು ಸಿಗದ ಕಷ್ಟ, ಕಾಡುಕೋಣ ತೋಟಕ್ಕೆ ಬಂದಿದ್ದು, ಎಲ್ಲ ಹೇಳಿದ ಮೇಲೆ ಯಜಮಾನ್ರು ಹೇಗಿದಾರೆ ಅಂತ ಕೇಳಿದ. ಆಮೇಲೆ ಕೇಳಿದ.

"ಅಲ್ಲಿ ಈ ಸಲ ಮೇವು ಶುರು ಮಾಡಿದ್ರಾ?"

"ಇನ್ನೂ ಇಲ್ಲ ಅಪ್ಪ. ಹಿಮ ನೋಡ್ಕೊಂಡು ಹಾಕ್ತಾರೆ."

"ನಿಮ್ಮಲ್ಲಿ ಬಿದ್ದಿದೆಯಾ?"

ಫೋನ್ ಹಿಡಿದುಕೊಂಡೇ ಹೋಗಿ ಕಿಟಕಿಯ ಪರದೆ ಸರಿಸಿದೆ. ಬೇಲಿಯ ಬುಡದಲ್ಲಿ ಬಿಳಿ ಗೆರೆಯಷ್ಟು ಇತ್ತು. ಉಳಿದ ಕಡೆಯೆಲ್ಲ ಹುಲ್ಲು ಕಾಣುತ್ತಿತ್ತು.